ವಾಸಿಯಾದ ಹೆಬ್ಬೆರಳು

ಮಾರ್ಕೆಟ್ ಯಾರ್ಡಿನ ನಮ್ಮ ಮಸಾಲೆ ಅಂಗಡಿಯಿಂದ ಕೀಲಿಕೈ ಎಂಬ ಅನಾಗರಿಕ ವಸ್ತುವನ್ನು ಓಡಿಸಿದ್ದು 2006ರಲ್ಲಿ. ಮಾಲೀಕರಾದ ಪ್ರಲ್ಹಾದಶೇಟರು ಯಾವುದೋ ಪ್ರದರ್ಶನದಿಂದ ಒಂದು ಯಂತ್ರ ತಂದು ಗೋದಾಮಿನ ಬಾಗಿಲಿಗೆ ಕೂರಿಸಿದರು. ಬೆರಳು ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಕೀಲಿಕೈ ಕಳೆದೀತು, ಬೆರಳು ಎಲ್ಲಿಗೆ ಹೋದೀತು ಎಂಬುದು ಅವರ ವಾದ. ಯಂತ್ರದಲ್ಲಿ ದಾಖಲಾದದ್ದು ಎರಡೇ ಹೆಬ್ಬೆರಳು: ಶೇಟರದು ಮತ್ತು ಹಿರಿಯ ಗುಮಾಸ್ತ ಗೂಳಪ್ಪನದು.

ಗೂಳಪ್ಪ ವಿಜಾಪುರದ ಕಡೆಯಿಂದ ಈ ಮರಾಠಿ ಊರಿಗೆ ಬಂದವನು, ಬಿಬವೇವಾಡಿ ಬಡಾವಣೆಯಲ್ಲಿ ನನ್ನ ಪಕ್ಕದ ಮನೆ. ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ತಿಕ್ಕಿ ತಿಕ್ಕಿ ಅವನ ಹೆಬ್ಬೆರಳು ಬಿರಿದುಹೋಗಿತ್ತು. ಯಂತ್ರ ಆ ಬಿರುಕುಗಳನ್ನೇ ಭಕ್ತಿಯಿಂದ ನೆನಪಿಟ್ಟುಕೊಂಡಿತು.

ಮರುವರ್ಷದ ಬೇಸಿಗೆಯಲ್ಲಿ ಅವನ ಬಾಯೊಳಗೆ ಬಿಳಿ ಮಚ್ಚೆ ಕಾಣಿಸಿತು. ಇನ್ನು ತಂಬಾಕು ಹಾಕಿದರೆ ದವಡೆ ತೆಗೆಯಬೇಕಾದೀತು ಎಂದರು ಡಾಕ್ಟರು. ಹೆಂಡತಿ ಭೀಮವ್ವ ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಮಾಡಿಸಿದಳು. ಅವನು ಬಿಟ್ಟ. ನಿಜವಾಗಿಯೂ ಬಿಟ್ಟ. ನನಗಂತೂ ತುಂಬಾ ಸಂತೋಷವಾಗಿತ್ತು.

ಶ್ರಾವಣದಲ್ಲಿ ಯಂತ್ರ ಅವನನ್ನು ಗುರುತಿಸಲು ನಿರಾಕರಿಸಿತು. ಗಣಪತಿ ಹಬ್ಬದ ಏಲಕ್ಕಿ ಒಳಗೆ, ಗಿರಾಕಿಗಳು ಹೊರಗೆ. ರಿಪೇರಿಯ ಸ್ವಪ್ನಿಲ್ ಬಂದು ಗೂಳಪ್ಪನ ಬೆರಳನ್ನು ತಿರುಗಿಸಿ ನೋಡಿ, "ಕಾಕಾ, ಬೆರಳು ವಾಸಿಯಾಗಿದೆ, ಅದೇ ತೊಂದರೆ" ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟ. ಹೊಸದಾಗಿ ದಾಖಲಿಸಲು ಶೇಟರ ಹೆಬ್ಬೆರಳು ಬೇಕು. ಅದು ಕಾಶಿಯಲ್ಲಿ ಪುಣ್ಯ ಸಂಪಾದಿಸುತ್ತಿತ್ತು.

ಶೇಟರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು: ಬಾಗಿಲು ಮುರಿಯಕೂಡದು, ಹಬ್ಬದ ವ್ಯಾಪಾರ ಕೆಟ್ಟರೆ ಗುಮಾಸ್ತನನ್ನೇ ಬದಲಾಯಿಸುತ್ತೇನೆ. ಬಾಗಿಲಿಗಿಂತ ಗುಮಾಸ್ತ ಅಗ್ಗ.

ಮರುದಿನ ಗೂಳಪ್ಪನ ಕೈಯಲ್ಲಿ ಸುಣ್ಣದ ಡಬ್ಬಿ ಕಂಡು, ಇದೇನು ಎಂದು ಕೇಳಿದೆ.

"ಬೆರಳು ಮೊದಲಿನಂಗ ಆಗ್ಲಿ ಅಂತ ಬರೇ ತಿಕ್ಕತೀನಿ. ಬಾಯಾಗ ಹಾಕೂದಿಲ್ಲ" ಎಂದ.

"ತಿಕ್ಕಿದ್ದನ್ನ ಏನ್ ಮಾಡ್ತಿಯಪಾ?"

"ಚೆಲ್ಲತೀನಿ."

ಚೆಲ್ಲಿದ ಕೂಡ. ದಿನವಿಡೀ ಬಾಗಿಲ ಮುಂದೆ ಕೂತು ತಿಕ್ಕುವುದು, ಚೆಲ್ಲುವುದು, ಬೆರಳು ಒತ್ತುವುದು. ತಿಕ್ಕಿದ ತಂಬಾಕನ್ನು ಹಾಗೆ ಚೆಲ್ಲುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಯಂತ್ರದೊಳಗಿನ ಹೆಣ್ಣುದನಿ ಮಾತ್ರ ಸೌಜನ್ಯ ಬಿಡದೆ, ಮತ್ತೆ ಪ್ರಯತ್ನಿಸಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು.

ವಾರ ಕಳೆಯುವುದರೊಳಗೆ ಚರ್ಮ ಮತ್ತೆ ಬಿರಿಯಿತು. ಒಂದು ಬೆಳಿಗ್ಗೆ ಯಂತ್ರ "ಥ್ಯಾಂಕ್ ಯೂ" ಎಂದಿತು, ಬಾಗಿಲು ತೆರೆಯಿತು. ಹಮಾಲರು ಚಪ್ಪಾಳೆ ತಟ್ಟಿದರು. ಆ ಖುಷಿಯಲ್ಲಿ ಗೂಳಪ್ಪನ ಕೈಯ ಚಿಟಿಕೆ ತಂಬಾಕು ತಾನಾಗಿಯೇ ಕೆಳತುಟಿಯೊಳಗೆ ಹೋಯಿತು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಆಮೇಲೆ ದಿನವಿಡೀ ಚೆಲ್ಲುವ ಗೋಜಿಗೆ ಹೋಗಲಿಲ್ಲ.

ಸಂಜೆ ಇಬ್ಬರೂ ಬಸ್ಸಿಳಿದು ಬಂದಾಗ ಭೀಮವ್ವ ಹೊಸ್ತಿಲಲ್ಲೇ ಕಾಯುತ್ತಿದ್ದಳು.

"ಬಾಗಲಾ ತೆಗೀತೇನ್ರಿ? ದೇವರಿಗೆ ತುಪ್ಪದ ದೀಪಾ ಹಚ್ಚೀನಿ."

ಗೂಳಪ್ಪ ತಲೆಯಾಡಿಸಿದ.

"ನೌಕ್ರಿ ಉಳೀತಲ್ಲ. ಬಾಯಿ ಬಿಟ್ಟು ಹೇಳ್ರಲಾ" ಎಂದು ನಕ್ಕಳು.

ಅವನು ತುಟಿ ಬಿಗಿಹಿಡಿದು ಚಪ್ಪಲಿ ಬಿಡತೊಡಗಿದ. ಭೀಮವ್ವ ನನ್ನ ಕಡೆ ನೋಡಿದಳು. ನಾನು ನನ್ನ ಮನೆಯ ಕೀಲಿಕೈ ಹುಡುಕುವವನಂತೆ ಜೇಬು ತಡಕಾಡಿದೆ. ಅವಳ ನಗು ನಿಂತಿತು.