ಕೂಸಪ್ಪನ ಸ್ವರವಿದ್ದ ಕಂಪ್ಯೂಟರು

ಮನೋರಮಾ ಟೀಚರ್ ಕಲಿಸುತ್ತಿದ್ದುದು ಸಮಾಜ ವಿಜ್ಞಾನ. ಆದರೆ ನೆಕ್ರಾಜೆ ಕಡೆಯ ಆ ಕನ್ನಡ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಲ್ಯಾಬು ಯಾರ ತಲೆಗಾದರೂ ಬೀಳಬೇಕಿತ್ತಲ್ಲ, ಅವರ ತಲೆಗೆ ಬಿತ್ತು. ಕಾಸರಗೋಡಿನ ತರಬೇತಿಯಲ್ಲಿ ಎಲ್ಲವನ್ನೂ ಮಲಯಾಳದಲ್ಲಿ ಹೇಳಿದರು. ಅರ್ಧಕ್ಕರ್ಧ ತಲೆಯ ಮೇಲಿಂದ ಹೋಯಿತು. ಗಟ್ಟಿಯಾಗಿ ಉಳಿದದ್ದು ಒಂದೇ ಮದ್ದು: ಏನು ಕೆಟ್ಟರೂ, ವಿಂಡೋಸಿನ ಬದಲು ಸರಕಾರ ಕೊಟ್ಟ ಉಬುಂಟು ಲಿನಕ್ಸಿನ ಡಿವಿಡಿ ಹಾಕು, ಹೊಸದಾಗಿ ಇನ್‌ಸ್ಟಾಲ್ ಮಾಡು.

ಆ ವರ್ಷ ಒಂಬತ್ತನೇ ಕ್ಲಾಸಿನ ಯಶ್ಮಿತಾ ತನ್ನ ಅಪ್ಪನನ್ನು ಲ್ಯಾಬಿಗೆ ಕರೆದುಕೊಂಡು ಬಂದಳು. ಕೂಸಪ್ಪ ಮಧೂರು ರೂಟಿನ ಬಸ್ ಕಂಡಕ್ಟರ್. ಗಂಟಲಲ್ಲಿ ಗಡ್ಡೆ. ಮಂಗಳೂರಿನಲ್ಲಿ ಆಪರೇಶನ್ ಆದ ಮೇಲೆ ಸ್ವರ ಇರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

"ಮನೆಯ ಫೋನಿನಲ್ಲಿ ಬರೀ ಕರಕರ ಬರ್ತದೆ ಟೀಚರ್. ಇಲ್ಲಿ ಮೈಕ್ ಉಂಟಲ್ಲ, ಅಪ್ಪನ ಸ್ವರ ಹಿಡಿದಿಡ್ಬಹುದಾ?"

ಕೂಸಪ್ಪ ಮೈಕಿನೆದುರು ಮದುಮಗನ ಹಾಗೆ ನಾಚಿದ. "ಎಂತ ಹೇಳುದು ಟೀಚರೇ?" ಎಂದ. ಆಮೇಲೆ ಬಾಯಿ ಬಿಟ್ಟದ್ದೇ ತಡ, ನಾಯ್ಮಾರ್ಮೂಲೆಯಿಂದ ಹಿಡಿದು ಒಂದೊಂದೇ ಸ್ಟಾಪು ಕೂಗಿದ. ಮೆಟ್ಟಿಲಲ್ಲಿ ನೇತಾಡುವವರನ್ನು ಗದರಿದ. "ಯಶೂ, ಉಂಡ್ಯಾ?" ಎಂದ. ಕೊನೆಗೆ ಅಭ್ಯಾಸಬಲ, ಬಸ್ಸಿನ ಮೈಗೆ ಬಡಿಯುವಂತೆ ಮೇಜಿಗೆ ಎರಡು ಸಲ ಬಡಿದ. ಹೊರಡು ಎಂದು ಡ್ರೈವರಿಗೆ ಕೊಡುವ ಸನ್ನೆ ಅದು. ಎಲ್ಲರೂ ನಕ್ಕರು. ಟೀಚರ್ ಅದನ್ನು ಮೂಲೆಯ ಕಂಪ್ಯೂಟರಿನ ಪರದೆಯ ಮೇಲೆಯೇ ಉಳಿಸಿದರು. ಸೀಡಿಗೆ ನಾಳೆ ಹಾಕೋಣವೆಂದರು. ಆ ನಾಳೆ ಬರಲೇ ಇಲ್ಲ.

ಹತ್ತನೆಯವರ ಐಟಿ ಪರೀಕ್ಷೆಯ ಮುನ್ನಾದಿನ ಟೀಚರ್ ಆ ಕಂಪ್ಯೂಟರ್ ತೆರೆದರು. ಕನ್ನಡದ ಮೆನು ಇಲ್ಲ, ಎಲ್ಲ ಇಂಗ್ಲಿಷು. ಮೇಲಿದ್ದ ಪಟ್ಟಿ ಕೆಳಗಿಳಿದಿದೆ. ಪರದೆಯ ಚಿತ್ರವೇ ಬೇರೆ. ಕೂಸಪ್ಪನ ಫೈಲು ಎಲ್ಲೂ ಕಾಣುವುದಿಲ್ಲ. ಯಾರೋ ಇದನ್ನು ಅಳಿಸಿ ಬೇರೆ ಲಿನಕ್ಸ್ ಹಾಕಿದ್ದಾರೆಂದೇ ಅವರು ನಂಬಿದರು. ಕಂಪ್ಯೂಟರ್ ರಿಪೇರಿಯ ಅಜ್ಮಲ್‌ಗೆ ಫೋನ್ ಮಾಡಿದರು, ಮಾಡಿದರು, ಅವನು ಎತ್ತಲಿಲ್ಲ. ಬೆಳಗಾದರೆ ಪರೀಕ್ಷೆ. ಹೋದದ್ದು ಹೇಗೂ ಹೋಯಿತು ಎಂದು ಕಣ್ಣೊರೆಸಿಕೊಂಡು ಡಿವಿಡಿ ಹಾಕಿದರು. ಇಡೀ ಡಿಸ್ಕ್ ಅಳಿಸಬೇಕೇ ಎಂದು ಕೇಳಿತು. ಹೂಂ ಎಂದು ಒತ್ತಿದರು.

ಅದೇ ಸಂಜೆ ಅಜ್ಮಲ್ ಬಂದ. ಪರದೆ ಹೇಗಿತ್ತೆಂದು ಕೇಳಿದ, ಅವರು ಹೇಳಿದ್ದನ್ನು ಕೇಳಿ ಕುರ್ಚಿ ಎಳೆದು ಕೂತ.

"ಅದು ಕೆಡಿಇ ಟೀಚರೇ, ಪರದೆಯ ಇನ್ನೊಂದು ವೇಷ. ನಿಮ್ಮ ಉಬುಂಟುವಿನ ಒಳಗೇ ಉಂಟು. ಲಾಗಿನ್ ಆಗುವಾಗ ಮಕ್ಕಳು ಮಾಮೂಲಿ ಗ್ನೋಮ್ ಬಿಟ್ಟು ಅದನ್ನು ಒತ್ತಿರ್ಬೇಕು. ಡೆಸ್ಕ್‌ಟಾಪ್ ಬದಲಾದದ್ದು ಅಷ್ಟೆ, ಡಿಸ್ಟ್ರೋ, ಅಂದ್ರೆ ಒಳಗಿನ ಉಬುಂಟು, ಅದೇ. ಬಸ್ಸಿಗೆ ಬೇರೆ ಪೈಂಟ್ ಹೊಡೆದ ಹಾಗೆ. ಇಂಜಿನ್, ಸೀಟು, ಸಾಮಾನು ಎಲ್ಲ ಇದ್ದಲ್ಲೇ ಇರ್ತದೆ. ಪರದೆಯ ಮೇಲಿಟ್ಟದ್ದು ಅದರಲ್ಲಿ ಕಣ್ಣಿಗೆ ಬೀಳುದಿಲ್ಲ ಅಷ್ಟೆ. ಹೊರಗೆ ಬಂದು ವಾಪಸ್ ಗ್ನೋಮ್ ಒತ್ತಿದ್ರೆ ಆಗಿತ್ತು."

"ಹಾಗಾದ್ರೆ ಆ ಫೈಲು?"

"ಇತ್ತು," ಎಂದ ಅಜ್ಮಲ್. ಮುಖ ನೋಡಲಿಲ್ಲ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಕಥೆ. ಮೂಗು ತಮ್ಮದಾಗಿದ್ದರೆ ಟೀಚರ್ ಹೇಗೋ ತಾಳುತ್ತಿದ್ದರು. ಪರೀಕ್ಷೆ ಮುಗಿದದ್ದೇ ಅಜ್ಮಲ್ ಆ ಡಿಸ್ಕನ್ನು ಅಂಗಡಿಗೆ ಒಯ್ದು, ತಿಳಿದ ವಿದ್ಯೆಯನ್ನೆಲ್ಲ ಹೂಡಿದ. ಯಾವುದೋ ವಾರ್ಷಿಕೋತ್ಸವದ ತುಂಡು ಫೋಟೋಗಳು ಸಿಕ್ಕಿದವು. ಸ್ವರ ಸಿಗಲಿಲ್ಲ.

ಆಪರೇಶನ್ ಆಗಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂಸಪ್ಪ ಮಗಳ ಜೊತೆ ಬಂದ. ಯಶ್ಮಿತಾಳ ಕೈಯಲ್ಲಿ ಹೊಸ ಸೀಡಿ. ಟೀಚರ್ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಡೆಸ್ಕ್‌ಟಾಪ್ ಬೇರೆ, ಡಿಸ್ಟ್ರೋ ಬೇರೆ ಎಂದು ಕೂಡ ಹೇಳಿದರು, ಈಗ ಯಾಕೆ ಹೇಳುತ್ತಿದ್ದೇನೆಂದು ಅವರಿಗೇ ತಿಳಿಯಲಿಲ್ಲ. ಹುಡುಗಿ ಅಳಲಿಲ್ಲ. ಸೀಡಿಯನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿದಳು.

"ನನ್ನಿಂದ ಎಂತ ಮಾಡ್ಲಿಕ್ಕೂ ಆಗುದಿಲ್ಲ ಕೂಸಪ್ಪ," ಎಂದರು ಟೀಚರ್.

ಕೂಸಪ್ಪ ಏನೋ ಹೇಳಲು ಬಾಯಿ ತೆರೆದ. ಬರೀ ಗಾಳಿ ಬಂತು. ಅವನು ಟೀಚರನ್ನೂ ಮಗಳನ್ನೂ ನೋಡಿದ. ಆಮೇಲೆ ಕೈ ಚಾಚಿ ಮೇಜಿಗೆ ಎರಡು ಸಲ ಬಡಿದ.