ಬಲದ ಪಟ್ಟಿ

"ನಾನೂರ ತೊಂಬತ್ತೊಂಬತ್ತು," ಎಂದು ತಕ್ಕಡಿಯಮ್ಮ ವಿಡಿಯೋ ಗೇಮನ್ನು ತೊಡೆಯ ಮೇಲಿಟ್ಟು ಕಾಗದದ ಮೇಲೆ ಇನ್ನೊಂದು ಗೀಟೆಳೆದಳು.

"ಇನ್ನೊಂದೇ ಅತ್ತಿಗೆ. ತೂಕಡಿಸಬೇಡಿ," ಎಂದಳು ನಾದಿನಿ ಮಂಚದ ಮೇಲಿಂದ.

"ತೂಕಡಿಸೋಳು ನೀನು. ನಾನು ತೂಕ ಹಿಡಿಯೋಳು."

ನಾದಿನಿಯ ಎರಡು ಕಣ್ಣುಗಳ ಮೇಲೂ ಬಿಳಿ ಹತ್ತಿಯ ಪಟ್ಟಿ. ಹದಿನಾಲ್ಕು ದಿನಗಳ ಹಿಂದೆ ಅವಳು ಕೆಲಸ ಮಾಡುವ ಲಾಂಡ್ರಿಯಲ್ಲಿ ಬ್ಲೀಚಿಂಗ್ ನೀರಿನ ಕ್ಯಾನು ಕೈಜಾರಿ ಮುಖಕ್ಕೇ ಎರಚಿತ್ತು. ದೃಷ್ಟಿಗೆ ಅಪಾಯವಿಲ್ಲ, ಆದರೆ ಶುಕ್ರವಾರ ತಾವೇ ಪಟ್ಟಿ ಬಿಚ್ಚುವವರೆಗೆ ಬೆಳಕು ತಾಗಬಾರದು ಎಂದಿದ್ದರು ಡಾಕ್ಟರು. ಅವರ ಮೂಗಿನ ದನಿಯನ್ನು ನಾದಿನಿ ಆಸ್ಪತ್ರೆಯ ಮೆಟ್ಟಿಲಿಳಿಯುವುದರೊಳಗೆ ಕಲಿತುಬಿಟ್ಟಿದ್ದಳು: "ಟೀವಿ ಇಲ್ಲಮ್ಮಾ, ಮೊಬೈಲ್ ಇಲ್ಲಮ್ಮಾ, ಅಳೋದಂತೂ ಇಲ್ಲವೇ ಇಲ್ಲಮ್ಮಾ." ದಿನಕ್ಕೆ ಮೂರು ಸಲ ಪಟ್ಟಿ ಎತ್ತಿ, ಮುಚ್ಚಿದ ರೆಪ್ಪೆಯ ಮೂಲೆಗೆ ಔಷಧಿ ಬಿಡುವ ಕೆಲಸ ಅತ್ತಿಗೆಯದು. "ಮೊದಲು ಎಡದ ಪಟ್ಟಿ. ಆಯ್ತು. ಈಗ ಬಲದ ಪಟ್ಟಿ, ಅಲ್ಲಾಡಬೇಡ."

ಆ ಪುಟ್ಟ ವಿಡಿಯೋ ಗೇಮು ತಕ್ಕಡಿಯಮ್ಮನ ಕೈಗೆ ಬಂದದ್ದೂ ಹೀಗೆಯೇ. ಬೆಂಕಿಪೊಟ್ಟಣ ಎರಡನ್ನು ಜೋಡಿಸಿದಷ್ಟು ಪರದೆ. ಬಣ್ಣವಿಲ್ಲ, ಎಲ್ಲವೂ ಬೂದಿ. ಒಳಗಿನ ಕ್ಯಾಸೆಟ್ಟು ಯಾವ ದೇಶದ್ದೋ, ಅಕ್ಷರಗಳು ಕೋಳಿ ಕೆದಕಿದ ಹಾಗೆ. ಕಾಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಪಳಗಿಸಬೇಕು, ಬೇರೆಯವರ ಪ್ರಾಣಿಗಳೊಂದಿಗೆ ಕಾದಾಡಿಸಬೇಕು. ನಾದಿನಿಗೂ ಆ ಅಕ್ಷರ ಬಾರದು. ಎಂಟು ವರ್ಷ ಆಡಿ ಯಾವ ಗೀರಿಗೆ ಯಾವ ಅರ್ಥ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಅವಳ ಮುದ್ದಿನದು ಒಂದು ಉಡ. ಅಣ್ಣ ಹಿಡಿದುಕೊಟ್ಟದ್ದಾದ್ದರಿಂದ ಅದರ ಹೆಸರು ಉಡುಗೊರೆ.

ಉಡುಗೊರೆಯನ್ನು ಅವಳು ಒಂದು ವರ್ಷ ಯಾವ ತಾಲೀಮೂ ಇಲ್ಲದೆ ಖಾಲಿ ಇಟ್ಟಿದ್ದಳು. ಹೋದ ವರ್ಷದ ಪಂದ್ಯದಲ್ಲಿ ಅವಳ ಬೇರೊಂದು ಪ್ರಾಣಿ ಮೊದಲ ಸುತ್ತಿನಲ್ಲೇ ಮಣ್ಣುಮುಕ್ಕಿತ್ತು. ಏಟಿನಲ್ಲಿ ದಮ್ಮಿರಲಿಲ್ಲ. ಈ ಸಲ ಉಡುಗೊರೆಯ ಕಾಲಿಗೆ ಭಾರದ ಪಟ್ಟಿ ಕಟ್ಟಿ ಐನೂರು ಫೈಟು ಆಡಿಸಿ, ಭಾನುವಾರ ಪಂದ್ಯಕ್ಕಿಳಿಸುವುದೆಂದು ಲೆಕ್ಕ ಹಾಕಿದ್ದಳು. ಕ್ಯಾನು ಜಾರಿದ್ದು ಆ ಲೆಕ್ಕದಲ್ಲಿರಲಿಲ್ಲ.

"ಚೀಲ ತೆಗೆದ್ರೆ ಆರು ಪಟ್ಟಿ ಸಾಲಾಗಿ ಇರ್ತವೆ ಅತ್ತಿಗೆ," ಎಂದು ಮೊದಲ ದಿನ ಪಾಠ ಹೇಳಿದ್ದಳು. "ಬಲದ ಪಟ್ಟಿ ಹಾಕಿ. ಉಳಿದಿದ್ದನ್ನ ಮುಟ್ಟಲೇಬೇಡಿ. ಒಂದೊಂದು ಫೈಟಿಗೂ ಒಂದೊಂದು ಚಿಟಿಕೆ ಒಳಗೆ ಸೇರುತ್ತೆ. ಐನೂರು ಚಿಟಿಕೆಗೆ ಪ್ರಾಣಿ ಭರ್ತಿ. ಆಮೇಲೆ ಚೆಲ್ಲಿ ಬೇರೆ ತುಂಬೋಕೆ ಆಗಲ್ಲ."

ತಕ್ಕಡಿಯಮ್ಮ ಪಟ್ಟಿ ಹಾಕಿದಳು. ಉಡ ಕೂಡಲೇ ಕಾಲೆಳೆಯತೊಡಗಿತು. ಅದು ಬಾಲ ಎತ್ತುವುದರೊಳಗೆ ಎದುರಾಳಿ ಒಂದು ಬಾರಿಸಿರುತ್ತಿತ್ತು.

"ಇದೇನೇ ಇದು, ಶಕ್ತಿ ಬರಲಿ ಅಂತ ಕಟ್ಟಿದ್ರೆ ಕುಂಟ್ತಾ ಇದೆ. ಬಿಚ್ಚಿ ಆಡ್ಲಾ? ಬೇಗ ಮುಗಿಯುತ್ತೆ."

"ಬಿಚ್ಚಬೇಡಿ. ಬಿಚ್ಚಿದ್ರೆ ಚಿಟಿಕೆ ಸೇರಲ್ಲ. ಅದು ಹಾಗೇ."

"ಎಷ್ಟು ಸೇರಿತು ಅಂತ ಅಂಕಿ ಎಲ್ಲಿ ತೋರಿಸುತ್ತೆ?"

"ತೋರಿಸಲ್ಲ. ಒಳಗಿರುತ್ತೆ."

ತೂಕ ಮತ್ತು ಅಳತೆ ಇಲಾಖೆಯಲ್ಲಿ ಹತ್ತೊಂಬತ್ತು ವರ್ಷ ಇನ್ಸ್‌ಪೆಕ್ಟರಾಗಿ ಸವೆದವಳಿಗೆ ಹೇಳುವ ಮಾತೇ ಇದು? ತಟ್ಟೆಯ ಅಡಿಗೆ ಅಂಟಿಸಿದ ಮೇಣ, ಬುಡಕ್ಕೆ ಕಚ್ಚಿಸಿದ ಅಯಸ್ಕಾಂತ, ಮಾತಾಡುತ್ತ ಮಾತಾಡುತ್ತ ಅಂಚಿಗೊರಗುವ ಹೆಬ್ಬೆರಳು, ಎಲ್ಲವನ್ನೂ ಕಂಡವಳು. ಪೇಟೆಯವರು ಇಟ್ಟ ಹೆಸರು ತಕ್ಕಡಿಯಮ್ಮ. ಅದನ್ನು ಅವಳು ಬಿರುದು ಎಂದೇ ಇಟ್ಟುಕೊಂಡಿದ್ದಳು. ಒಳಗಿದೆ ಎಂದು ಹೇಳಿ ಹೊರಗೆ ತೋರಿಸದ ಯಾವುದನ್ನೂ ಅವಳು ಜನ್ಮದಲ್ಲಿ ನಂಬಿದವಳಲ್ಲ. ಆದರೂ ಅರ್ಧ ದಿನದ ರಜೆಗಳನ್ನು ಒಂದೊಂದಾಗಿ ಹಾಕಿ, ಮಧ್ಯಾಹ್ನ ಎರಡಕ್ಕೆ ಕುರ್ಚಿ ಎಳೆದು ಕೂತರೆ ಆರರವರೆಗೆ ಗುಂಡಿ ಒತ್ತುತ್ತಿದ್ದಳು. ಮದುವೆಯಾಗಿ ಈ ಮನೆಗೆ ಬಂದು ಆರು ವರ್ಷದಲ್ಲಿ ನಾದಿನಿ ಅವಳನ್ನು ಏನಾದರೂ ಕೇಳಿಕೊಂಡದ್ದು ಇದೇ ಮೊದಲು.

ಐನೂರನೇ ಫೈಟು ಮುಗಿಯಿತು. ಐದೈದರ ಕಂತೆ ಮಾಡಿದ ಗೀಟುಗಳು ಕಾಗದದ ತುಂಬ ಬೇಲಿ ಕಟ್ಟಿದ್ದವು.

ನಾದಿನಿ ದಿಂಬಿಗೊರಗಿ ಕೂತಳು. "ಈಗ ಗುಹೆ ಬಾಗಿಲಲ್ಲಿ ಬಂಡೆಯಪ್ಪ ಇದಾನಲ್ಲ, ಅವನ ಹತ್ರ ಹೋಗಿ. ಮೊದಲ ದಿನ ಮೂರು ಏಟಿಗೆ ಬಿದ್ದಿದ್ದ. ಈಗ ಒಂದಕ್ಕೆ ಬೀಳಬೇಕು."

ಉಡುಗೊರೆ ಬಾಲ ಬೀಸಿತು. ಢಬ್. ಬಂಡೆಯಪ್ಪ ನಿಂತೇ ಇದ್ದ. ಮತ್ತೆ ಢಬ್. ನಿಂತೇ ಇದ್ದ. ಮೂರನೆಯದಕ್ಕೆ ಉರುಳಿದ.

ತಕ್ಕಡಿಯಮ್ಮ ಗುಂಡಿಯಿಂದ ಬೆರಳು ತೆಗೆದಳು.

"ಮೂರಾ?" ಎಂದಳು ನಾದಿನಿ.

"ಮೂರು."

"ಔಷಧಿ ಬಿಟ್ಟ ಮೇಲೆ ನಾನು ಮಲಗ್ತಿದ್ನಲ್ಲ, ಆಗ ಪಟ್ಟಿ ಬಿಚ್ಚಿ ಆಡಿದ್ರಾ?"

"ಏನಂದೆ?"

"ಬೇಗ ಮುಗೀಲಿ ಅಂತ. ನೀವೇ ಕೇಳಿದ್ರಲ್ಲ ಮೊದಲ ದಿನ."

"ಕೇಳಿದ್ದು ನಿಜ. ಬಿಚ್ಚಿಲ್ಲ."

"ಹೋದ ವರ್ಷ ನಂದೂ ಅಣ್ಣಂದೂ ಹಳೇ ಗೇಮನ್ನ ಗುಜರಿಯವನಿಗೆ ಕೊಟ್ರಲ್ಲ, ಆಗಲೂ ಒಳ್ಳೇದಕ್ಕೇ ಅಂದಿದ್ರಿ."

ಅದು ಸತ್ತಿದೆ ಎಂದುಕೊಂಡು ಕೊಟ್ಟದ್ದು. ಬ್ಯಾಟರಿ ಬದಲಿಸಿದ್ದರೆ ಬದುಕುತ್ತಿತ್ತಂತೆ. ತಕ್ಕಡಿಯಮ್ಮ ಗೀಟಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ನಾನಲ್ಲ ಎಂದರೆ ಇನ್ಯಾರು? ಕ್ಯಾಸೆಟ್ಟೇ ಖೊಟ್ಟಿ. ಅಂಕಿ ತೋರಿಸದ ಮಾಲು, ಓದಲಾಗದ ಚೀಟಿ. ಯಾರು ಮಾರಿದವನು?

ಮಾರಿದವನು ಪಿನ್ನಣ್ಣ. ಸೆಕೆಂಡ್‌ಹ್ಯಾಂಡ್ ಗೇಮುಗಳ ಅಂಗಡಿಯವನು. ಕ್ಯಾಸೆಟ್ಟುಗಳ ಹಲ್ಲಿನ ಕೊಳೆ ತೆಗೆಯುವ ಗುಂಡುಪಿನ್ನು ಸದಾ ತುಟಿಯಲ್ಲಿರುವುದರಿಂದ ಆ ಹೆಸರು. ಭಾನುವಾರದ ಪಂದ್ಯ ನಡೆಯುವುದೂ ಅವನ ಅಂಗಡಿಯ ಅಟ್ಟದ ಮೇಲೆಯೇ. ಮರುದಿನ ಮಧ್ಯಾಹ್ನ ತಕ್ಕಡಿಯಮ್ಮ ತೂಕದ ಬಟ್ಟುಗಳ ಪೆಟ್ಟಿಗೆ ಸಮೇತ ಒಳಗೆ ಬಂದದ್ದನ್ನು ಕಂಡು ಅವನು ಎದ್ದು ನಿಂತ.

"ಏನ್ ಮೇಡಂ, ನನ್ನಂಗಡೀಲಿ ತಕ್ಕಡಿನೇ ಇಲ್ವಲ್ಲ."

"ಇಲ್ಲದೇ ಇರೋರ ಮೇಲೇ ನನಗೆ ಅನುಮಾನ ಜಾಸ್ತಿ. ಈ ಕ್ಯಾಸೆಟ್ ಅಸಲಾ, ನಕಲಾ?"

ಪಿನ್ನಣ್ಣ ಪಿನ್ನನ್ನು ಬಾಯಿಂದ ತೆಗೆದು ಅಂಗಿಯ ಕಾಲರಿಗೆ ಚುಚ್ಚಿದ. ಗೇಮು ತಿರುವಿದ, ಕ್ಯಾಸೆಟ್ಟು ಹೊರಗೆಳೆದು ಊದಿದ, ಮತ್ತೆ ಹಾಕಿ ಗುಂಡಿ ಒತ್ತಿದ. ತಕ್ಕಡಿಯಮ್ಮ ಅವನ ಹೆಬ್ಬೆರಳನ್ನೇ ನೋಡುತ್ತ ನಿಂತಳು. ಅಭ್ಯಾಸಬಲ.

"ಮಾಲು ಅಪ್ಪಟ ಮೇಡಂ. ಪ್ರಾಣಿನೂ ಭರ್ತಿ ಆಗಿದೆ, ಕಣ್ಣಂಚಲ್ಲಿ ಈ ಚುಕ್ಕಿ ಬಂದಿದೆ ನೋಡಿ. ಆದ್ರೆ ಇದಕ್ಕೆ ಯಾವ ಪಟ್ಟಿ ಹಾಕಿದೀರಿ?"

"ಬಲದ್ದು."

"ಇದು ಬಲದ್ದಲ್ಲ."

"ಬಲದ್ದೇರೀ. ಕಣ್ಣು ಕಾಣ್ಸುತ್ತಾ ನಿಮಗೆ? ಆರು ಸಾಲಾಗಿವೆ. ಇದು ಎಡದ ತುದಿ, ಇದು ಬಲದ ತುದಿ. ಬಲದ ಪಟ್ಟಿ."

ಪಿನ್ನಣ್ಣ ಅವಳ ಮುಖ ನೋಡಿದ. ನಗು ಬಂದದ್ದನ್ನು ಕೆಮ್ಮಿ ನುಂಗಿದ.

"ಬಲ ಅಂದ್ರೆ ಶಕ್ತಿ ಮೇಡಂ. ಬಲದ ಪಟ್ಟಿ ಇರೋದು ಎಡಗಡೆ."

ತಕ್ಕಡಿಯಮ್ಮ ಪರದೆಯನ್ನು ನೋಡಿದಳು. ಆರೂ ಪಟ್ಟಿಗಳು ಒಂದೇ ಬೂದಿ ಬಣ್ಣ, ಒಂದೇ ಗಾತ್ರ. ಹದಿನೈದು ದಿನದಿಂದ ದಿನಕ್ಕೆ ಮೂರು ಸಲ ಆ ಮಂಚದ ಪಕ್ಕ ನಿಂತು ಬಲದ ಪಟ್ಟಿ, ಬಲದ ಪಟ್ಟಿ ಎಂದದ್ದು ಅವಳ ಕಿವಿಯಲ್ಲೇ ಮತ್ತೆ ಕೇಳಿಸಿತು.

"ಮತ್ತೆ ನಾನು ಹಾಕಿದ್ದು?"

"ತಾಳ್ಮೇದು. ಏಟು ತಿಂದ್ರೂ ಬೀಳಬಾರ್ದು ಅಂತ. ಯಾರೂ ಹಾಕಲ್ಲ ಇದನ್ನ. ಪಂದ್ಯಕ್ಕೆ ಬರೋರು ಹೊಡೆಯೋಕೆ ಬರ್ತಾರೆ, ತಿನ್ನೋಕಲ್ಲ."

"ಚೆಲ್ಲೋಕೆ ಆಗಲ್ಲ."

"ಆಗಲ್ಲ." ಪಿನ್ನಣ್ಣ ದನಿ ತಗ್ಗಿಸಿದ. "ಒಂದ್ ಮಾತು ಹೇಳ್ಲಾ? ಹೇಳ್ಲೇಬೇಡಿ ನಿಮ್ಮ ನಾದಿನಿಗೆ. ಒಂದು ಅಂಕಿನೂ ಎಲ್ಲೂ ಕಾಣ್ಸಲ್ಲ. ನಾಳೆ ಕಣ್ಣು ಬಿಚ್ಚೋದ್ರೊಳಗೆ ಎಡಗಡೆ ಪಟ್ಟಿ ಹಾಕಿಟ್ಬಿಡಿ. ಕ್ಯಾಸೆಟ್ಟಿನ ಬ್ಯಾಟರಿ ಮುದಿಯಾಗಿತ್ತು, ಸೇರಿದ್ದೆಲ್ಲ ಸೋರಿಹೋಯ್ತು ಅನ್ನಿ. ಕೇಳಿದ್ರೆ ನಾನೂ ಹೂಂ ಅಂತೀನಿ. ಬೈದ್ರೆ ನನ್ನ ಬೈಕೋತಾಳೆ, ನೀವು ಮನೇಲಿ ಒಟ್ಟಿಗೆ ಇರೋರು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಇಂಥದ್ದನ್ನು ಹೇಳಿದವರೆಲ್ಲ ಒಳ್ಳೆಯ ಮನಸ್ಸಿನವರೇ.

ಬೀದಿಯ ತಿರುವಿನಲ್ಲಿ ಹಣ್ಣಿನ ಗಾಡಿಯವನು ಅವಳನ್ನು ಕಂಡದ್ದೇ ತಟ್ಟೆಯ ಅಂಚಿನಿಂದ ಹೆಬ್ಬೆರಳು ಕಿತ್ತುಕೊಂಡ. ಬೇರೆ ದಿನವಾಗಿದ್ದರೆ ಪೆಟ್ಟಿಗೆ ಅಲ್ಲೇ ತೆರೆಯುತ್ತಿತ್ತು. ಇಂದು ಅವಳು ಅವನ ಮುಖ ನೋಡದೆ ದಾಟಿದಳು. ಮನೆ ತಲುಪುವುದರೊಳಗೆ ಬ್ಯಾಟರಿಯ ಮಾತನ್ನು ಮನಸ್ಸಿನಲ್ಲಿ ನಾಲ್ಕು ಸಲ ಹೇಳಿ ನೋಡಿದ್ದಳು. ನಾಲ್ಕನೆಯ ಸಲಕ್ಕೆ ಅದು ತಕ್ಕಮಟ್ಟಿಗೆ ನಿಜವೆಂದೇ ಕೇಳಿಸಿತ್ತು.

ನಾದಿನಿ ಮಂಚದ ಮೇಲೆ ಗೋಡೆಗೊರಗಿ ಕಾಯುತ್ತಿದ್ದಳು. ಚಪ್ಪಲಿಯ ಸದ್ದಿಗೇ ತುಟಿ ಬಿಗಿದು, ಪಿನ್ನು ಕಚ್ಚಿದವನ ದನಿಯಲ್ಲಿ ಕೇಳಿದಳು: "ಏನ್ ಮೇಡಂ, ನನ್ನಂಗಡೀಲಿ ತಕ್ಕಡಿನೇ ಇಲ್ವಲ್ಲ."

ಅಕ್ಷರಕ್ಕಕ್ಷರ ಅದೇ. ತಕ್ಕಡಿಯಮ್ಮನಿಗೆ ನಗು ಬರಬೇಕಿತ್ತು.

"ಏನಂದ? ಖೊಟ್ಟಿನಾ ಕ್ಯಾಸೆಟ್ಟು?"

"ಔಷಧಿ ಹೊತ್ತಾಯ್ತು. ಮೊದಲು ಅದು ಮುಗೀಲಿ."

ಕೈ ತೊಳೆದು ಬಂದು ಸೀಸೆಯ ಮುಚ್ಚಳ ತಿರುವಿದಳು. ಎಡದ್ದು ಎತ್ತಿದಳು, ಹನಿ ಬಿಟ್ಟಳು, ಮುಚ್ಚಿದಳು.

"ಈಗ ಬಲದ ಪಟ್ಟಿ," ಎಂದಳು. ಎಂದವಳು ಅಲ್ಲೇ ನಿಂತಳು.

"ಯಾಕೆ ಅತ್ತಿಗೆ, ಕೆಂಪಗಿದೆಯಾ?"

"ಅಲ್ಲ. ಬಲದ ಪಟ್ಟಿ ಅಂದ್ರೆ ಯಾವುದೇ?"

"ಬಲಗಣ್ಣಿಂದು. ಇನ್ಯಾವುದು?"

"ಉಡುಗೊರೆಗೆ ಹಾಕು ಅಂದ್ಯಲ್ಲ, ಅದು?"

ನಾದಿನಿಯ ಬಾಯಿ ಅರ್ಧ ತೆರೆದಿತ್ತು. ಕೈಗಳು ಹೊದಿಕೆಯ ಮೇಲೆ ಆರು ಪಟ್ಟಿಗಳ ಸಾಲನ್ನು ತಡಕಿದವು. ಎಡದ ತುದಿಯಿಂದ ಹೊರಟ ಬೆರಳು ಬಲದ ತುದಿಗೆ ಹೋಗಿ ನಿಂತಿತು.

"ತಾಳ್ಮೇದು," ಎಂದಳು.

"ಹೂಂ. ಐನೂರೂ ಅದಕ್ಕೇ ಹೋಗಿದೆ. ಕ್ಯಾಸೆಟ್ ಸರಿ ಇದೆ. ಅಳತೆ ತಪ್ಪಿದ್ದು ನಂದು."

ನಾದಿನಿಯ ಗದ್ದ ಒಮ್ಮೆ ನಡುಗಿತು.

"ಅಳೋ ಹಾಗಿಲ್ಲ ಕಣೇ. ಡಾಕ್ಟ್ರು ಹೇಳಿದಾರೆ."

"ಯಾರು ಅಳ್ತಿರೋರು?" ಮೂಗೆಳೆದುಕೊಂಡಳು. "ಒಂದು ವರ್ಷ ಖಾಲಿ ಇಟ್ಟಿದ್ದೆ ಅತ್ತಿಗೆ ಅದನ್ನ."

"ಗೊತ್ತು."

ತಕ್ಕಡಿಯಮ್ಮ ಬಲಗಣ್ಣಿಗೆ ಹನಿ ಬಿಟ್ಟು, ಹತ್ತಿ ಮುಚ್ಚಿ, ಅಂಟು ಒತ್ತಿದಳು. ಕೆಳಗೆ ಯಾರೋ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದರು. ಬಕೆಟ್ಟು ತುಂಬಿ ನಲ್ಲಿ ನಿಂತಿತು.

"ನಾನು ಮಲಗ್ತಾ ಇರಲಿಲ್ಲ," ಎಂದಳು ನಾದಿನಿ. "ಮಲಗಿದ ಹಾಗೆ ಗೊರಕೆ ಹೊಡೀತಿದ್ದೆ. ನೀವು ಬಿಚ್ತೀರಾ ಅಂತ ಕೇಳಿಸ್ಕೋತಿದ್ದೆ. ಬಿಚ್ಚಿದ್ರೆ ಉಡುಗೊರೆ ಏಟೇ ಮೊದಲು ಬೀಳುತ್ತೆ, ಸದ್ದು ಹಿಂದುಮುಂದಾಗುತ್ತಲ್ಲ."

"ದಿನಾನಾ?"

"ದಿನಾ. ಎಲ್ಲಾ ಎಣಿಸಿದೀನಿ. ನಾನೂರ ತೊಂಬತ್ತೆಂಟು."

"ಐನೂರು."

"ಎರಡು ಸಲ ಪಕ್ಕದ ಮನೆ ಮಿಕ್ಸಿ ಓಡ್ತಿತ್ತು. ಅವನ್ನ ಸೇರಿಸ್ಲಿಲ್ಲ."

"ಎಲ್ಲಾ ಗೊತ್ತಿದ್ದೂ ನಿನ್ನೆ ಬಿಚ್ಚಿದ್ರಾ ಅಂದ್ಯಲ್ಲೇ."

"ಬೇರೆ ಕಾರಣ ಸಿಗಲಿಲ್ಲ," ಎಂದಳು ನಾದಿನಿ ಸಣ್ಣ ದನಿಯಲ್ಲಿ. ಈ ದನಿ ಯಾರದ್ದೂ ಆಗಿರಲಿಲ್ಲ, ಅವಳದ್ದೇ.

ತಕ್ಕಡಿಯಮ್ಮ ಚೀಲದಿಂದ ಗೇಮು ತೆಗೆದಳು. ಉಡುಗೊರೆ ಬೂದಿ ಹುಲ್ಲಿನ ನಡುವೆ ಕಣ್ಣು ಪಿಳಿಪಿಳಿ ಮಾಡುತ್ತ ನಿಂತಿತ್ತು.

"ಬಂಡೆಯಪ್ಪನ ಹತ್ರ ಹೋಗಿ ಅತ್ತಿಗೆ. ಹೊಡೀಬೇಡಿ. ಸುಮ್ನೆ ನಿಲ್ಲಿಸಿ. ಅವನೇ ಹೊಡೀಲಿ. ಖಾಲಿ ಇದ್ದಾಗ ನಾಲ್ಕಕ್ಕೆ ಬೀಳ್ತಿತ್ತು."

"ಪಟ್ಟಿ ಬಿಚ್ಲಾ?"

"ಇರಲಿ."

ತಕ್ಕಡಿಯಮ್ಮ ಮಂಚದ ಅಂಚಿನಲ್ಲಿ ಕೂತಳು. ಬಂಡೆಯಪ್ಪ ಕೈ ಎತ್ತಿದ. ಢಬ್. ನಾದಿನಿ ಎಡಗೈಯ ಕಿರುಬೆರಳು ಮಡಿಸಿದಳು. ಢಬ್. ಉಂಗುರದ ಬೆರಳು. ನಾಲ್ಕನೆಯದಕ್ಕೆ ಇಬ್ಬರೂ ಉಸಿರು ಹಿಡಿದರು. ಉಡ ಕಣ್ಣು ಪಿಳುಕಿಸಿತು. ಐದು. ಆರು. ಬಲಗೈ ಶುರುವಾಯಿತು. ಏಳು, ಎಂಟು. ಬಂಡೆಯಪ್ಪನ ಸದ್ದು ಹಾಗೇ ಇತ್ತು, ಉಡ ಇದ್ದಲ್ಲೇ ಇತ್ತು. ಹತ್ತಕ್ಕೆ ನಾದಿನಿಯ ಎರಡೂ ಕೈ ಮುಷ್ಟಿಯಾದವು.

"ಬಿತ್ತಾ?"

"ಇಲ್ಲ."

ತಕ್ಕಡಿಯಮ್ಮ ಒಂದು ಕೈಯಲ್ಲಿ ಗೇಮು ಹಿಡಿದು, ಇನ್ನೊಂದು ಕೈಯನ್ನು ಬಿಡಿಸಿ ಹೊದಿಕೆಯ ಮೇಲೆ ಇಟ್ಟಳು. ನಾದಿನಿ ತಡಕಿ ಅದನ್ನು ಹುಡುಕಿದಳು. ಢಬ್ ಎಂದಿತು. ಅವಳು ಅತ್ತಿಗೆಯ ಕಿರುಬೆರಳನ್ನು ಮೆಲ್ಲಗೆ ಮಡಿಸಿ, ಮುಂದಿನದರ ಮೇಲೆ ಕೈಯಿಟ್ಟು ಕಾದಳು.