ಹೆಣದ ಪುಸ್ತಕ

ನಾನು ಹುಟ್ಟಿದ್ದು ಗದಗಿನ ಒಂದು ಛಾಪಖಾನೆಯಲ್ಲಿ, ಸುಡುವ ಬೇಸಿಗೆಯಲ್ಲಿ. ಹಾಳೆ ಮಡಚಿ, ದಾರದಿಂದ ಹೊಲಿದು, ಬೆನ್ನಿಗೆ ಅಂಟು ಬಳಿದು, ಮೂರು ಕಡೆ ಕತ್ತರಿಸಿದಾಗ ನಾನು ಪುಸ್ತಕವಾದೆ. ಬ್ಲೇಡು ಇಳಿದ ಆ ಗಳಿಗೆಯ ಹೆದರಿಕೆ ಈಗಲೂ ನನ್ನ ಅಂಚಿನಲ್ಲಿದೆ. ಅದಕ್ಕಿಂತ ದೊಡ್ಡ ಹೆದರಿಕೆ ಬಂದದ್ದು ಸ್ವಲ್ಪ ಹೊತ್ತಿನ ಮೇಲೆ. ಅಂಟು ಬಳಿಯುತ್ತಿದ್ದ ಹೆಂಗಸು ನನ್ನ ಮುಖಪುಟ ನೋಡಿದವಳೇ ನನ್ನನ್ನು ಮಗುಚಿ ಹಾಕಿದಳು.

“ಯವ್ವಾ, ಈ ಕೈ ನೋಡಬ್ಯಾಡ,” ಎಂದಳು ಪಕ್ಕದವಳಿಗೆ. “ಮಣ್ಣಾಗಿಂದ ಎದ್ದು ಬರಾಕತ್ತೈತಿ.”

ಒಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ. ಪುಸ್ತಕಕ್ಕೆ ಓದಲು ಬರುವುದಿಲ್ಲ. ನಿಮ್ಮ ಬೆನ್ನಿನ ಮಚ್ಚೆ ನಿಮಗೆ ಕಾಣದ ಹಾಗೆ, ನನ್ನ ಮೈಮೇಲೆ ಏನು ಅಚ್ಚಾಗಿದೆ ಎಂಬುದು ನನಗೆ ಕಾಣುವುದಿಲ್ಲ. ಓದುವವರ ಮುಖ ನೋಡಬೇಕು, ಓದಿದ ಮೇಲೆ ಅವರಾಡುವ ಮಾತು ಕೇಳಬೇಕು, ಅದರಿಂದ ನನ್ನೊಳಗೆ ಏನಿದೆ ಎಂದು ಊಹಿಸಬೇಕು. ನನ್ನ ಹೆಸರು ‘ಎದ್ದವರು’. ಒಂದು ಊರಿಗೆ ಜ್ವರ ಬರುತ್ತದೆ, ಸತ್ತವರು ಏಳುತ್ತಾರೆ, ಅವರು ಕಚ್ಚಿದವರೂ ಸತ್ತು ಏಳುತ್ತಾರೆ, ಊರು ಖಾಲಿಯಾಗುತ್ತದೆ. ಇಷ್ಟು ನನಗೆ ಗೊತ್ತಾದದ್ದು ಬೇರೆಯವರ ಬಾಯಿಂದ. ಗೊತ್ತಾದ ದಿನದಿಂದ ನನಗೆ ನನ್ನದೇ ಹೆದರಿಕೆ. ಮುಚ್ಚಿದ ನನ್ನ ಹಾಳೆಗಳ ನಡುವೆ ಅಷ್ಟೊಂದು ಹೆಣಗಳು ಕಣ್ಣು ಬಿಟ್ಟುಕೊಂಡು ಕೂತಿವೆ ಎಂದರೆ ಯಾರಿಗೆ ತಾನೇ ನೆಮ್ಮದಿ?

ನನ್ನನ್ನು ಕೊಂಡವರು ಬೆಟಗೇರಿಯ ಇಂದಿರಕ್ಕ ಮುಳಗುಂದ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಅವರದೊಂದು ಬಾಡಿಗೆ ಪುಸ್ತಕದ ಅಂಗಡಿ. ಗಿರಣಿ ತಿರುಗಿದಾಗಲೆಲ್ಲ ನಮ್ಮ ಮೇಲೆ ಜೋಳದ ಹಿಟ್ಟು ಕೂರುತ್ತಿತ್ತು. ಆ ಅಂಗಡಿಗೆ ಒಂದೇ ಒಂದು ಕಟ್ಟಳೆ. ಪುಸ್ತಕ ಮರಳಿ ಕೊಡುವವರು ಅದರ ಬಗ್ಗೆ ಒಂದು ಮಾತು ಹೇಳಬೇಕು. ಹೇಳದಿದ್ದರೆ ಮುಂದಿನ ಪುಸ್ತಕ ಇಲ್ಲ. ಇಂದಿರಕ್ಕ ಎಲ್ಲವನ್ನೂ ಓದಲಾರರು. ಈ ಮಾತುಗಳನ್ನು ನೆನಪಿಟ್ಟುಕೊಂಡು ಯಾರಿಗೆ ಯಾವುದನ್ನು ಕೊಡಬೇಕೆಂದು ತೀರ್ಮಾನಿಸುತ್ತಿದ್ದರು. ನನ್ನನ್ನಂತೂ ಅವರು ತೆರೆಯಲೇ ಇಲ್ಲ. ಬೋರಲಾಗಿ ಇಟ್ಟು, “ಹೆಣದ ಪುಸ್ತಕ ಯಾರರೆ ಒಯ್ಯೂ ಹಂಗಿದ್ರ ಒಯ್ರಿ,” ಎನ್ನುತ್ತಿದ್ದರು. ಯಾರೂ ಒಯ್ಯದಿದ್ದರೆ ರದ್ದಿಗೆ ಹೋಗುತ್ತೇನೆ ಎಂದು ನಾನು ನಡುಗುತ್ತಿದ್ದೆ. ಒಯ್ದರೆ ಓದಿದವರಿಗೆ ಏನಾಗುತ್ತದೋ ಎಂದೂ ನಡುಗುತ್ತಿದ್ದೆ.

ಮೊದಲು ಒಯ್ದವರು ಬಸ್ ಕಂಡಕ್ಟರ್ ಗುರುಪಾದಪ್ಪ. ಮರಳಿ ತಂದಾಗ ಹೇಳಿದರು: “ಬಸ್ ಸ್ಟ್ಯಾಂಡಿನ ಭಾಗ ಬರೋಬ್ಬರಿ ಬರದಾನ ನೋಡ್ರಿ ಅಕ್ಕಾರ. ಹೆಣ ಬೆನ್ನ ಹತ್ಯಾವ, ಆದ್ರೂ ಮಂದಿ ಕಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡಿಯಾಕತ್ತಾರ. ಆದ್ರ ಅಂಥಾ ಹೊತ್ತಿನ್ಯಾಗ ಕೇಳಿದ ಕೂಡಲೇ ಡೀಸೆಲ್ ಸಿಕ್ತು ಅಂತ ಬರದಾನಲ್ಲ, ಅದನ್ನ ನಾ ನಂಬೂದಿಲ್ಲ.”

“ಹೆಣ ಎದ್ದಿದ್ದು ನಂಬಿದ್ರಿ, ಡೀಸೆಲ್ ನಂಬಲಿಲ್ಲೇನು?”

“ಹೆಣದ್ದು ನನಗೇನು ಗೊತ್ತೈತ್ರಿ? ಡೀಸೆಲ್ಲಿಂದು ಗೊತ್ತೈತಿ.”

ಆಮೇಲೆ ಸರಕಾರಿ ದವಾಖಾನೆಯ ನರ್ಸ್ ಶಮೀಮ್ ಬಾನು ಒಯ್ದರು. ಅವರು ಊಟದ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಓದಿದರು. ಬೇರೆಯವರ ಕೈ ಬೆವರುವ ಜಾಗಗಳಲ್ಲಿ ಅವರ ಕೈ ತಣ್ಣಗೆ ಇರುತ್ತಿತ್ತು. ಒಂದೇ ಒಂದು ಕಡೆ ನಿಂತು, ಎರಡು ಸಲ ಓದಿ, ಹಾಳೆಯ ಮೂಲೆ ಮಡಚಿ, ನನ್ನನ್ನು ಅಗಲವಾಗಿ ಒತ್ತಿದರು. ನನ್ನ ಬೆನ್ನು ಅಲ್ಲಿ ಲಟಕ್ಕೆಂದಿತು.

“ಹೆಣ ಏಳೂದೊಂದ ಸುಳ್ಳು,” ಎಂದರು ಇಂದಿರಕ್ಕನಿಗೆ. “ಉಳಿದದ್ದೆಲ್ಲಾ ನಾವು ದಿನಾ ನೋಡೂದ. ಕಚ್ಚಿಸಿಕೊಂಡವರು ಮುಚ್ಚಿಡ್ತಾರ. ಕಚ್ಚಿದ ಜಾಗಾ ಸಾಬಾಣ ಹಚ್ಚಿ ಹರಿಯೂ ನೀರಾಗ ಬಾಳೊತ್ತು ತೊಳೀಬೇಕು ಅಂತ ಬರದಾನ, ಅದನ್ನಂತೂ ಊರ ಗ್ವಾಡಿ ಮ್ಯಾಲ ಬರಸಬೇಕು.”

“ಎಲ್ಲಾ ಛಲೋ. ಹಾಳಿ ಯಾಕ ಮಡಚಿದ್ರಿ?” ಎಂದು ಇಂದಿರಕ್ಕ ಗದರಿದರು.

ಮಡಚಿದ್ದನ್ನು ಬಿಡಿಸಿದರೂ ಮುರಿದ ಬೆನ್ನು ಕೂಡಲಿಲ್ಲ. ಆವತ್ತಿನಿಂದ ನನ್ನನ್ನು ಯಾರು ಕೆಳಗಿಟ್ಟರೂ ನಾನು ಆ ಹಾಳೆಗೇ ತೆರೆದುಕೊಳ್ಳತೊಡಗಿದೆ.

ಮೂರನೆಯವರು ನೇಕಾರ ವಿರುಪಣ್ಣ ಗುಳೇದ. ಅವರ ಮನೆಯಲ್ಲಿ ಕುಣಿಮಗ್ಗವಿತ್ತು. ನೆಲದಲ್ಲಿ ಸೊಂಟದಾಳದ ಕುಣಿ, ನೇಯುವವರು ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು ಕೋಲು ತುಳಿಯಬೇಕು. ವಿರುಪಣ್ಣ ಊಟದ ಮೇಲೆ ಅಲ್ಲೇ ಕೂತು ನನ್ನನ್ನು ಓದುತ್ತಿದ್ದರು. ಅರ್ಧದವರೆಗೆ ಚೆನ್ನಾಗಿಯೇ ನಡೆಯಿತು. ಒಂದು ಕಡೆ ಅವರ ಉಸಿರು ನಿಂತಿತು. ನನ್ನನ್ನು ಮುಚ್ಚಿ ನೂಲಿನ ಬುಟ್ಟಿಯ ಕೆಳಗೆ ತಳ್ಳಿದರು. ಮತ್ತೆ ತೆರೆಯಲಿಲ್ಲ.

ಮರಳಿಸಲು ಬಂದಾಗ ಶಮೀಮ್ ಬಾನು ಅಲ್ಲೇ ಪುಸ್ತಕ ಹುಡುಕುತ್ತಿದ್ದರು.

“ಒಂದು ಮಾತು ಹೇಳಿ ಹೋಗ್ರಿ,” ಎಂದರು ಇಂದಿರಕ್ಕ.

ವಿರುಪಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು. “ಸುಳ್ಳಪುರಾಣ. ಕಚ್ಚಿಸಿಕೊಂಡವ ಮನಿಯವರಿಗೆ ಹೇಳದ ಮುಚ್ಚಿಡ್ತಾನಂತ. ಯಾರರೆ ಮುಚ್ಚಿಡ್ತಾರೇನ್ರೀ?”

“ನಮ್ಮ ದವಾಖಾನಿಗೆ ಒಂದಿನ ಬಂದು ನೋಡ್ರಿ ಅಣ್ಣಾರ,” ಎಂದರು ಶಮೀಮ್ ಬಾನು.

“ನನಗೇನಾಗೈತಿ ದವಾಖಾನಿಗೆ ಬರಾಕ?”

ಅರ್ಧ ಓದಿ ಪೂರ್ತಿ ಅಭಿಪ್ರಾಯ ಹೇಳುವವರು ಆ ಅಂಗಡಿಗೆ ಹೊಸಬರೇನಲ್ಲ. ಒಂದು ಮಾತು ಕೊಡಲೇಬೇಕು ಎಂದರೆ ಜನ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಆದರೆ ವಿರುಪಣ್ಣ ಹೊರಟಾಗ ಒಂದು ಕಾಲನ್ನು ತುಸು ಎಳೆದು ಇಡುತ್ತಿದ್ದರು. ನಾವು ಪುಸ್ತಕಗಳು ಜನರನ್ನು ಹೆಚ್ಚಾಗಿ ಕೆಳಗಿನಿಂದಲೇ ನೋಡುವುದು. ಅದನ್ನು ನಾನೊಬ್ಬನೇ ಕಂಡೆ.

ಅದೇ ವಾರ ಅವರ ಸೊಸೆ ದಾಕ್ಷಾಯಣಿ ಬಂದು ನನ್ನನ್ನೇ ಕೇಳಿ ಒಯ್ದಳು. ಮಾವ ಅಷ್ಟು ಸಿಟ್ಟಾದ ಪುಸ್ತಕದಲ್ಲಿ ಏನಿದೆಯೋ ನೋಡಬೇಕು ಎಂಬ ಆಸೆ ಅವಳಿಗೆ. ಗಂಡ ಸೀರೆಯ ಗಂಟು ಹೊತ್ತು ಊರೂರು ತಿರುಗುವವನು, ಹಗಲೆಲ್ಲ ಮನೆಯಲ್ಲಿ ಇವರಿಬ್ಬರೇ. ಅವಳು ಬೆಳಗಿನ ಹೊತ್ತು ಕಂಡಿಕೆಗೆ ನೂಲು ಸುತ್ತಿ ಮುಗಿಸಿ, ಮಗ್ಗದ ಪಕ್ಕದಲ್ಲೇ ಕೂತು, ನನ್ನನ್ನು ಗಟ್ಟಿಯಾಗಿ ಓದತೊಡಗಿದಳು. ಅಲ್ಲಿಯವರೆಗೆ ಎಲ್ಲರೂ ಮನಸ್ಸಿನಲ್ಲೇ ಓದಿದ್ದರು. ನನ್ನೊಳಗಿನದು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಕೇಳಿಸಿಕೊಳ್ಳಲು ಮನಸ್ಸಿರಲಿಲ್ಲ, ಆದರೆ ಪುಸ್ತಕಕ್ಕೆ ಕಿವಿ ಮುಚ್ಚಿಕೊಳ್ಳುವ ಉಪಾಯವಿಲ್ಲ.

ಒಂದು ದಿನ ಮದುವೆಯ ಮನೆಯ ಭಾಗ ಬಂತು. ಮದುಮಗನಿಗೆ ದಾರಿಯಲ್ಲಿ ಒಂದು ಹೆಣ ಕಚ್ಚಿದೆ. ಗಾಯದ ಮೇಲೆಯೇ ಕಂಕಣ ಕಟ್ಟಿಸಿಕೊಂಡು ಅರಿಸಿನದ ಮಣೆಗೆ ಕೂತಿದ್ದಾನೆ. ಹಳದಿ ದಾರ ಮೆಲ್ಲಗೆ ಕೆಂಪಾಗುವುದನ್ನು ತಂಗಿ ನೋಡುತ್ತಾಳೆ. ಹಿರಿಯರು ಅವನನ್ನು ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕುತ್ತಾರೆ.

ಮಗ್ಗ ನಿಂತಿತು.

“ಯಾಕ್ರಿ ಮಾವಾರ?”

“ಎಳೀ ಹರೀತು. ನೀ ಓದು.”

ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದ ಸದ್ದು ಕೇಳಿ ದಾಕ್ಷಾಯಣಿ ನನ್ನನ್ನು ಕುಣಿಯ ಅಂಚಿಗಿಟ್ಟು ಓಡಿದಳು. ವಿರುಪಣ್ಣ ಮತ್ತೆ ಕೋಲು ತುಳಿದರು. ಆ ಅದುರಿಗೆ ನಾನು ಜಾರಿ ಕುಣಿಯೊಳಗೆ ಬಿದ್ದೆ.

ಆ ಮಬ್ಬಿನಲ್ಲಿ ನಾನು ಕಂಡದ್ದನ್ನು ಮರೆಯಲಾರೆ. ಅವರ ಎಡಗಾಲಿನ ಹರಡಿಗೆ ಸುತ್ತಿದ ಸೀರೆಯ ಚೂರು ಸಡಿಲಾಗಿತ್ತು. ಒಳಗೆ ಸುಣ್ಣ, ಅರಿಸಿನ, ಮೆಣಸಿನ ಪುಡಿ ಮೆತ್ತಿ ಕಪ್ಪಾದ ಗಾಯ. ಅದರ ಸುತ್ತ ಹಲ್ಲಿನ ಗುರುತು. ನನ್ನೊಳಗಿನ ಹೆಣವೇ ಹೊರಬಿದ್ದು ಈ ಮುದುಕರನ್ನು ಕಚ್ಚಿತೇ ಎಂದು ನನ್ನ ಹಾಳೆಗಳೆಲ್ಲ ತಣ್ಣಗಾದವು. ಕೂಗಬೇಕೆನಿಸಿತು. ನನ್ನ ಮೈತುಂಬ ಮಾತು, ಬಾಯಿ ಮಾತ್ರ ಇಲ್ಲ.

ವಿರುಪಣ್ಣ ಬಗ್ಗಿ ನನ್ನನ್ನು ಎತ್ತಿದರು. ನಾನು ಬೆನ್ನು ಮುರಿದ ಕಡೆಗೇ ತೆರೆದುಕೊಂಡೆ. ಸಾಬೂನಿನ ಹಾಳೆ. ಅವರ ತುಟಿ ಮೆಲ್ಲಗೆ ಅಲುಗಿತು. ಒಂದು ಸಲ ಓದಿದರು, ಮತ್ತೊಂದು ಸಲ ಓದಿದರು. ದಾಕ್ಷಾಯಣಿ ಕೈ ಒರೆಸಿಕೊಳ್ಳುತ್ತ ಬಂದಾಗ ತಲೆಯೆತ್ತದೆ ಕೇಳಿದರು:

“ಆ ಮದುಮಗ ಕಡೀಕ ಏನಾದ?”

“ನೀವು ಓದೀರಲ್ರಿ ಮಾವಾರ. ಸುಳ್ಳಪುರಾಣ ಅಂತ ಹೇಳಿ ಬಂದೀರಂತ.”

ಅವರು ನನ್ನನ್ನು ಮುಚ್ಚಿ ಅವಳ ಕಡೆ ಚಾಚಿದರು.

“ಅರ್ಧಾಕ್ಕ ಬಿಟ್ರೇನು?” ಅವಳು ನಕ್ಕಳು. “ಅಂಜಿದ್ರೇನು?”

“ಹೂಂ. ಅಂಜೀನಿ.”

ಆ ಮನೆಯಲ್ಲಿ ಅವರು ಅಂಥ ಮಾತು ಹಿಂದೆ ಆಡಿರಲಿಕ್ಕಿಲ್ಲ. ಅವಳ ನಗು ಇಳಿಯಿತು. ಮಾವನ ಮುಖ ನೋಡಿದಳು, ಆಮೇಲೆ ಕುಣಿಯ ಕಡೆ ನೋಡಿದಳು.

“ಮ್ಯಾಲ ಬರ್ರಿ.”

“ನೇಯೂದೈತಿ.”

“ಮ್ಯಾಲ ಬರ್ರಿ ಮಾವಾರ.”

ಅವರು ಕಾಲೆತ್ತಿ ನೆಲದ ಮೇಲಿಟ್ಟರು. ಅವಳು ಬಟ್ಟೆ ಬಿಚ್ಚಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡಳು.

“ಪುಸ್ತಕ ತಿರುಗಿ ಕೊಟ್ಟ ದಿನಾ ಮುಂಜಾನಿ ಬಯಲಕಡಿಗೆ ಹೋದಾಗ, ಕೆರಿ ದಂಡಿ ಮ್ಯಾಲ,” ಎಂದರು ಅವರೇ. “ನಾಯಿ ಕಚ್ಚಿ ಓಡಿ ಹೋತು. ಮತ್ತ ಕಾಣಲಿಲ್ಲ.”

“ಅವತ್ತ ಯಾಕ ಹೇಳಲಿಲ್ಲ?”

ವಿರುಪಣ್ಣ ನೂಲು ಇಡುವ ಕೋಣೆಯ ಬಾಗಿಲ ಕಡೆ ಕೈ ಮಾಡಿದರು. “ನಮ್ಮಣ್ಣಗೂ ಹುಚ್ಚನಾಯಿ ಕಚ್ಚಿತ್ತು. ನಾ ಆಗ ಸಣ್ಣಾವ. ನೀರು ಕಂಡ್ರ ಚೀರಾಕತ್ತಿದ. ಅದ ಕೋಣ್ಯಾಗ ಹಾಕಿ ಹೊರಗ ಚಿಲಕಾ ಹಾಕಿದ್ರು. ನನ್ನ ಹೆಸರು ಹಿಡಿದು ಕರೀತಿದ್ದ. ನನ್ನ ಅಲ್ಲಿಂದ ಎಳಕೊಂಡು ಹೋದ್ರು.” ಚಾಚಿದ ಕೈ ಇಳಿಸಿ, “ನೀವೂ ಹಾಕ್ತೀರಿ ಅನಸ್ತು,” ಎಂದರು.

ಅವರು ಅರ್ಧಕ್ಕೆ ನಿಂತದ್ದು ಆ ಚಿಲಕದ ಹತ್ತಿರ ಎಂದು ನನಗೆ ಆಗ ತಿಳಿಯಿತು. ನನ್ನನ್ನು ಸುಳ್ಳು ಎಂದು ಕರೆದವರಿಗೆ ನಾನು ಎಲ್ಲರಿಗಿಂತ ಹೆಚ್ಚು ನಿಜವಾಗಿದ್ದೆ.

ದಾಕ್ಷಾಯಣಿ ಅಳಲಿಲ್ಲ. “ಆ ಚಿಲಕಾ ನಾ ಕಿತ್ತು ಒಗೀತೀನಿ. ಈಗ ಬಚ್ಚಲಕ್ಕ ನಡೀರಿ,” ಎಂದಳು. ನನ್ನನ್ನು ಬಚ್ಚಲ ಬಾಗಿಲಿಗೆ ಒರಗಿಸಿಟ್ಟು, ನಲ್ಲಿ ಬಿಟ್ಟು, ಸಾಬೂನು ತಿಕ್ಕಿ ತಿಕ್ಕಿ ತೊಳೆದಳು. ತಡವಾಗಿದೆ ಎಂದು ಅವಳಿಗೂ ಗೊತ್ತಿತ್ತು. ಅವರು ಹಲ್ಲು ಕಚ್ಚಿ ಕೂತಿದ್ದರು. ಹರಿಯುವ ನೀರನ್ನೇ ನೋಡುತ್ತಿದ್ದರು, ಅದಕ್ಕೆ ತಾವು ಅಂಜುತ್ತೇವೆಯೇ ಎಂದು ಪರೀಕ್ಷೆ ಮಾಡುವ ಹಾಗೆ.

ದವಾಖಾನೆಗೆ ನಾನೂ ಅವಳ ಚೀಲದಲ್ಲಿ ಹೋದೆ. ಶಮೀಮ್ ಬಾನು ಗಾಯ ನೋಡಿದರು.

“ಸುಣ್ಣಾ, ಅರಿಷಿಣ, ಖಾರಪುಡಿ. ಅಡಿಗೀಮನೀನ ಹಚ್ಚೀರಲ್ಲ ಅಣ್ಣಾರ.”

“ಸಿಸ್ಟರ್, ನಾ ಉಳೀತೀನೇನು?”

ಶಮೀಮ್ ಬಾನುವಿನ ದನಿ ಬದಲಾಯಿತು. “ಅವತ್ತ ಬರಬೇಕಿತ್ತು. ಆದ್ರ ರೋಗ ತಲಿ ಎತ್ತೂದ್ರೊಳಗ ಬಂದೀರಿ, ಅದು ದೊಡ್ಡದು. ಸೂಜಿ ಒಂದೂ ತಪ್ಪಸಬ್ಯಾಡ್ರಿ. ಇದರಾಗ ಕಡೀತನಕಾ ಬಂದವರಿಗೆ ಛಲೋ ಆಗೂದನ್ನ ನೋಡೀನಿ.”

ಆಮೇಲಿನ ದಿನಗಳು ಬರೀ ಕಾಯುವ ದಿನಗಳು. ದಾಕ್ಷಾಯಣಿ ಒನಕೆಯಿಂದ ಹೊಡೆದು ಚಿಲಕ ಕಿತ್ತಳು. ಬಾಗಿಲಿನಲ್ಲಿ ಮೊಳೆಯ ತೂತುಗಳಷ್ಟೇ ಉಳಿದವು. ವಿರುಪಣ್ಣನಿಗೆ ಗಂಟಲು ಒಣಗಿದರೂ ಹೆದರಿಕೆ, ಗಾಳಿ ಮುಖಕ್ಕೆ ಬಡಿದರೂ ಹೆದರಿಕೆ. ಬೀದಿಯಲ್ಲಿ ನಾಯಿ ಬೊಗಳಿದರೆ ಲಾಳಿ ಕೈಯಲ್ಲೇ ನಿಲ್ಲುತ್ತಿತ್ತು. ಅಂಥ ಒಂದು ಮಧ್ಯಾಹ್ನ ಅವರೇ, “ಉಳಿದದ್ದು ಓದು,” ಎಂದರು.

ಅವಳು ಓದಿದಳು. ನನ್ನ ಕೊನೆ ನನಗೂ ಆವತ್ತೇ ತಿಳಿದದ್ದು. ಮದುಮಗ ಉಳಿಯುವುದಿಲ್ಲ. ಊರೆಲ್ಲ ಓಡಿ ಹೋಗುತ್ತದೆ. ತಂಗಿಯೊಬ್ಬಳು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಒಳಗಿನಿಂದ ಉತ್ತರ ನಿಲ್ಲುವವರೆಗೂ ಅಣ್ಣನ ಜೊತೆ ಮಾತಾಡುತ್ತಲೇ ಇರುತ್ತಾಳೆ. ಇಷ್ಟು ದಿನ ನಾನು ನನ್ನೊಳಗೆ ಹೆಣಗಳು ಮಾತ್ರ ಇವೆ ಎಂದುಕೊಂಡಿದ್ದೆ. ಹಾಗೆ ಕೂತ ಒಬ್ಬಳು ಹುಡುಗಿಯೂ ಇದ್ದಳು.

“ನಮ್ಮಣ್ಣನ ಬಾಗಲಾ ಹಂತೇಕ ಯಾರೂ ಕುಂತಿರಲಿಲ್ಲ,” ಎಂದರು ವಿರುಪಣ್ಣ. ಆ ದಿನ ಮತ್ತೆ ಮಗ್ಗದ ಸದ್ದು ಕೇಳಲಿಲ್ಲ.

ಸೂಜಿಗಳೆಲ್ಲ ಮುಗಿದ ಮೇಲೆ ಅವರೇ ನನ್ನನ್ನು ಅಂಗಡಿಗೆ ಒಯ್ದರು. ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ಇಂದಿರಕ್ಕ ಏನೂ ಅನ್ನಲಿಲ್ಲ. ಕಟ್ಟಳೆಯನ್ನು ಮಾತ್ರ ಬಿಡಲಿಲ್ಲ.

“ಒಂದು ಮಾತು ಹೇಳಿ ಹೋಗ್ರಿ.”

“ಮುಚ್ಚಿಡ್ತಾರ್ರೀ ಅಕ್ಕಾರ.”

“ಅಷ್ಟೇನು?”

“ಅಷ್ಟ. ಮನುಷ್ಯಾ ನಾಯಿಗೆ ಅಂಜಿ ಮುಚ್ಚಿಡೂದಿಲ್ಲ. ಮನಿ ಮಂದೀಗೆ ಅಂಜಿ ಮುಚ್ಚಿಡ್ತಾನ.”

ಇಂದಿರಕ್ಕ ನನ್ನನ್ನು ಅಂಗಾತ ಹಿಡಿದು, ಮೊದಲ ಸಲ ನನ್ನ ಮುಖಪುಟವನ್ನು ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ನೋಡಿ, “ಇದರ ಬೆನ್ನು ಪೂರಾ ಮುರದೈತಿ. ಬ್ಯಾರೇದವರಿಗೆ ಕೊಡಾಕ ಬರೂದಿಲ್ಲ. ನಿಮ್ಮ ಮನ್ಯಾಗ ಇರಲಿ,” ಎಂದು ಅವರ ಕೈಗೇ ಕೊಟ್ಟರು.

ಹಾಗೆ ನಾನು ಈ ಗೂಡಿಗೆ ಬಂದೆ, ಮಗ್ಗದ ಮೇಲಿನ ಗೋಡೆಗೂಡಿಗೆ. ನನ್ನ ದಾರ ಸಡಿಲಾಗಿದೆ, ಅಂಚು ಹಳದಿಯಾಗಿದೆ, ಮುಖಪುಟದ ಕೈಯನ್ನು ಪುಸ್ತಕದ ಹುಳು ಅರ್ಧ ತಿಂದಿದೆ. ಶಮೀಮ್ ಬಾನು ಆಗಾಗ ಬಂದು, “ಇಷ್ಟು ದಿನಾ ಆತಲ್ಲ ಅಣ್ಣಾರ, ಇನ್ನ ಅಂಜಿಕಿ ಬಿಡ್ರಿ,” ಎನ್ನುತ್ತಾರೆ. ವಿರುಪಣ್ಣ ತಲೆ ಆಡಿಸುತ್ತಾರೆ. ಬಿಡು ಎಂದ ಕೂಡಲೇ ಬಿಟ್ಟು ಹೋಗುವ ಅಂಜಿಕೆಯನ್ನು ನಾನು ಈವರೆಗೆ ಕಂಡಿಲ್ಲ. ಪಕ್ಕದಲ್ಲಿ ಒಬ್ಬರು ಕೂತರೆ ಅದು ತುಸು ಸರಿದು ಜಾಗ ಕೊಡುತ್ತದೆ, ಅಷ್ಟೇ.

ಈಗಲೂ ದಿನಾ ಬೆಳಿಗ್ಗೆ ಅವರು ಕೊಡದಿಂದ ಒಂದು ತಂಬಿಗೆ ನೀರು ತೆಗೆದುಕೊಂಡು ಕುಣಿಯ ಅಂಚಿಗೆ ಕೂರುತ್ತಾರೆ. ತುಟಿಯ ಹತ್ತಿರ ತಂದು ನಿಲ್ಲಿಸುತ್ತಾರೆ. ದಾಕ್ಷಾಯಣಿ ಕಂಡಿಕೆ ಸುತ್ತುವುದನ್ನು ಬಿಟ್ಟು ಅವರ ಪಕ್ಕಕ್ಕೆ ಬಂದು ಕೂರುತ್ತಾಳೆ. ನಾನು ಗೂಡಿನಲ್ಲಿ ಹಾಳೆ ಬಿಗಿಹಿಡಿದು ಕೇಳುತ್ತಿರುತ್ತೇನೆ.

ಗುಟುಕು ಇಳಿದ ಸದ್ದು ಬರುತ್ತದೆ. ಆಮೇಲೆ ಮಗ್ಗದ ಸದ್ದು.